ಬಿಳಿ ಜೀಪನ್ನು ಕಂಡವರು ಎಷ್ಟು ಜನ?

ಕೊಡಗಿನ ಕೋರ್ಟುಗಳಲ್ಲಿ ವಕಾಲತ್ತು ಮಾಡುವ ನನಗೆ, ವರಾಂಡದ ಒಂದೇ ಬೆಂಚಿನಲ್ಲಿ ಸಾಕ್ಷಿಗಳು ಕೂತು ಮಾತಾಡುವುದನ್ನು ಕಂಡರೆ ಕಳವಳ ಆಗುತ್ತದೆ. ಅವರಿಗೆ ಸುಳ್ಳು ಹೇಳುವ ಉದ್ದೇಶವೇ ಇರುವುದಿಲ್ಲ. ಸುಮ್ನೆ ಮಾತಾಡುತ್ತಲೇ ನೆನಪು ಬದಲಾಗಿರುತ್ತದೆ.

ಒಂದು ಕೇಸು ಹೇಳುತ್ತೇನೆ, ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಜುಲೈ ತಿಂಗಳ ಜಡಿಮಳೆ, ಸಂಜೆ ಹೊತ್ತು. ಸಿದ್ದಾಪುರ ಕಡೆಯ ತಿರುವೊಂದರಲ್ಲಿ ಜೀಪೊಂದು ಸ್ಕೂಟರಿಗೆ ಗುದ್ದಿ ನಿಲ್ಲಿಸದೆ ಹೋಯಿತು. ಸ್ಥಳದಲ್ಲಿದ್ದವರು ತೋಟದ ರೈಟರ್, ಅಂದರೆ ಆಳುಗಳ ಹಾಜರಿ ಬರೆಯುವವರು, ಮತ್ತು ತೋಟದ ಆಳುಗಳ ವಸತಿಯಾದ ಲೈನ್‌ಮನೆಯ ಇಬ್ಬರು ಹೆಂಗಸರು. ಆಮೇಲೆ ಟೀ ಅಂಗಡಿಯಲ್ಲಿ ಅದೇ ಮಾತು. "ಬಿಳಿ ಜೀಪು, ಮೇಲೆ ಕ್ಯಾರಿಯರ್ ಇತ್ತು" ಅಂದರು ರೈಟರ್. ಮರುದಿನ ಪೊಲೀಸರ ಮುಂದೆ ಮೂವರದೂ ಬಿಳಿ ಜೀಪು, ಕ್ಯಾರಿಯರ್. ಆರೋಪಿಯಾಗಿದ್ದ ಬಿಳಿ ಜೀಪಿನ ಚಾಲಕನ ಪರ ನಾನಿದ್ದೆ.

ಪಾಟೀಸವಾಲಿನಲ್ಲಿ ಹಿರಿಯ ಹೆಂಗಸನ್ನು ಕೇಳಿದೆ: "ಅಮ್ಮಾ, ಜೀಪು ಬಂದಾಗ ಯಾವ ಕಡೆ ತಿರುಗಿದ್ದಿರಿ?" ಆಕೆ ಎರಡೂ ಕೈ ತಲೆಗೆ ತಂದು, ಮಳೆಗೆ ಹೊದೆಯುವ ಕೊಪ್ಪೆ ಎಳೆದುಕೊಳ್ಳುವ ಹಾಗೆ ತೋರಿಸಿದರು. "ಬೇಲಿ ಕಡೆ, ಸಾರ್. ಶಬ್ದ ಕೇಳಿ ತಿರುಗೋವಾಗ ಹಿಂದಿನ ಕೆಂಪು ಲೈಟ್ ಮಾತ್ರ ಕಾಣ್ತು."

"ಮತ್ತೆ ಬಿಳಿ ಬಣ್ಣ?"

"ಈಗ ಕಣ್ಣ ಮುಂದೆ ಬಿಳಿನೇ ಬರ್ತದೆ. ರೈಟ್ರು ಹೇಳಿದ್ರಲ್ಲ."

ಕೇಳಿದ ವಿಷಯ ಮನಸ್ಸಿನಲ್ಲಿ ಉಳಿಯುತ್ತದೆ. ಅದು ಯಾರ ಬಾಯಿಂದ ಬಂತು ಎಂಬುದು ಬೇಗ ಅಳಿಸಿಹೋಗುತ್ತದೆ. ಜೊತೆಗೆ, ದಿನಾ ಹಾಜರಿ ಬರೆಯುವ ರೈಟರ್ ಎದುರು 'ನನಗೆ ಹಾಗೆ ಕಾಣಲಿಲ್ಲ' ಅನ್ನುವುದು ಕಷ್ಟ ಅಲ್ವಾ?

2003ರಲ್ಲಿ ಮನಶ್ಶಾಸ್ತ್ರಜ್ಞೆ ಫಿಯೋನಾ ಗ್ಯಾಬರ್ಟ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ಇದನ್ನೇ ಪರೀಕ್ಷಿಸಿತ್ತು. ಇಬ್ಬಿಬ್ಬರಿಗೆ ಒಂದೇ ಘಟನೆಯನ್ನು ಬೇರೆ ಬೇರೆ ಕಡೆಯಿಂದ ತೆಗೆದ ವಿಡಿಯೊ ತೋರಿಸಿದರು. ಇಬ್ಬರೂ ನೋಡಿದ್ದು ಒಂದೇ ವಿಡಿಯೊ ಅಂತ ನಂಬಿದ್ದರು. ಆದರೆ ಹುಡುಗಿ ಹಣ ಕದಿಯುವುದು ಒಬ್ಬರಿಗೆ ಮಾತ್ರ ಕಾಣುತ್ತಿತ್ತು. ಮಾತಾಡಿಕೊಂಡವರಲ್ಲಿ ನೂರಕ್ಕೆ 71 ಮಂದಿ, ಜೊತೆಯವರಿಂದ ಕೇಳಿದ ಒಂದಾದರೂ ವಿವರವನ್ನು ಆಮೇಲೆ ತಮ್ಮ ನೆನಪೆಂದೇ ಹೇಳಿದರು.

ಮೂರು ಸಾಕ್ಷಿ ಒಂದೇ ಮಾತು ಹೇಳಿದರೆ ಕೇಸು ಗಟ್ಟಿ ಅನ್ನುವ ರೂಢಿ ಇದೆ. ಅವರು ಅದಕ್ಕೂ ಮೊದಲು ಎಷ್ಟು ಹೊತ್ತು ಒಟ್ಟಿಗಿದ್ದರು ಅಂತ ನಾನು ಕೇಳುತ್ತೇನೆ.

ನಿಮ್ಮ ಕಣ್ಣೆದುರು ಅಪಘಾತ ನಡೆದರೆ, ಗಾಯಾಳುವಿಗೆ ನೆರವಾದ ಮೇಲೆ, ಯಾರೊಂದಿಗೂ ಚರ್ಚಿಸುವ ಮೊದಲು ಕಂಡದ್ದನ್ನು ಬರೆದಿಡಿ. ಬರೆಯಲು ಬಾರದಿದ್ದರೆ ಮೊಬೈಲಿನಲ್ಲಿ ಹೇಳಿ ರೆಕಾರ್ಡ್ ಮಾಡಿ. ಎಲ್ಲಿ ನಿಂತಿದ್ದಿರಿ, ಎಷ್ಟು ದೂರ, ಮಂಜು ಇತ್ತಾ, ಎಲ್ಲ ಬರಲಿ. ಕಾಣದ್ದನ್ನು 'ಕಾಣಲಿಲ್ಲ' ಅಂತಲೇ ಬರೆಯಿರಿ. ವಾಟ್ಸಾಪ್ ಗ್ರೂಪಿನ ಮೆಸೇಜು ಆಮೇಲೆ ನೋಡಿದರಾಯ್ತು. ಘಟನೆಯ ಹೊತ್ತಿಗೇ ತಾನೇ ಬರೆದ ಚೀಟಿ ನೋಡಿ ನೆನಪು ಮಾಡಿಕೊಳ್ಳಲು ಕಾನೂನು ಸಾಕ್ಷಿಗೆ ಅವಕಾಶ ಕೊಡುತ್ತದೆ.

ಅಂದು ಆ ಹೆಂಗಸು ಇನ್ನೊಂದು ಮಾತು ಹೇಳಿದರು. ಜೀಪಿನ ಹಿಂದೆ ಉರಿಯುತ್ತಿದ್ದದ್ದು ಒಂದೇ ಲೈಟು. ಇದು ಯಾರ ಹೇಳಿಕೆಯಲ್ಲೂ ಇರಲಿಲ್ಲ. ಜೀಪು ಪತ್ತೆ ಹಚ್ಚಲು ಆ ಒಂದು ಗುರುತು ಸಾಕಿತ್ತೇನೋ. ಮೊದಲೇ ಯಾಕೆ ಹೇಳಲಿಲ್ಲ ಅಂತ ಕೇಳಿದೆ.

"ಬೇರೆ ಯಾರೂ ಹೇಳ್ಲಿಲ್ಲ ಸಾರ್. ನಾನೇ ತಪ್ಪು ನೋಡಿರ್ಬೇಕು ಅಂತ ಬಿಟ್ಟೆ."