ಓದುಗರ ಪ್ರಶ್ನೆ: ಯೇಸು ಅರ್ಧ ದೇವರು, ಅರ್ಧ ಮನುಷ್ಯನೇ?

ಪ್ರಶ್ನೆ: ಯೇಸು ದೇವರೂ ಹೌದು, ಮನುಷ್ಯನೂ ಹೌದು ಎಂದು ಕ್ರೈಸ್ತರು ಹೇಳುತ್ತಾರೆ. ಹಾಗಾದರೆ ಅರ್ಧ ಅದು, ಅರ್ಧ ಇದು ಎಂದಾಯಿತಲ್ಲವೇ?

ಇಲ್ಲ. ಈ ಅರ್ಧರ್ಧದ ಲೆಕ್ಕವನ್ನು ಕ್ರೈಸ್ತ ಸಭೆ (ಚರ್ಚ್) 381ರಲ್ಲೇ ತಳ್ಳಿಹಾಕಿದೆ. ಲವೊದಿಕೀಯದ ಬಿಷಪ್ ಅಪೊಲಿನಾರಿಸ್ ಹೇಳಿದ್ದು ಹೆಚ್ಚುಕಡಿಮೆ ಅದನ್ನೇ: ಯೇಸುವಿನ ದೇಹ ಮನುಷ್ಯನದು, ಬುದ್ಧಿಯ ಜಾಗದಲ್ಲಿದ್ದದ್ದು ದೇವರ ವಾಕ್ಯ, ಅಂದರೆ ದೇವರ ಮಗನೇ. ಕೇಳಲು ಅಚ್ಚುಕಟ್ಟಾಗಿದೆ. ಆದರೆ ಮನುಷ್ಯ ಪಾಪಕ್ಕೆ ಬೀಳುವುದು ಮನಸ್ಸಿನಿಂದಲೇ. ಆ ಮನಸ್ಸನ್ನೇ ಧರಿಸದ ರಕ್ಷಕ ಅದನ್ನು ಗುಣಪಡಿಸುವುದು ಹೇಗೆ? ಆ ಕಾಲದ ದೇವತಾಶಾಸ್ತ್ರಜ್ಞ ನಜಿಯಾನ್ಸದ ಗ್ರೆಗೊರಿ ಎತ್ತಿದ ಈ ಆಕ್ಷೇಪಕ್ಕೆ ಸರಿಯಾದ ಉತ್ತರ ಬರಲಿಲ್ಲ. 381ರಲ್ಲಿ ಬಿಷಪರು ಸೇರಿದ ಕಾನ್‌ಸ್ಟಾಂಟಿನೋಪಲ್ ಮಹಾಸಭೆ ಅಪೊಲಿನಾರಿಸನ ಪಂಥವನ್ನು ಖಂಡಿಸಿತು. ದೇವರ ಮಗನೂ ಸೃಷ್ಟಿಯಾದವನೇ ಎಂಬ ಪಾದ್ರಿ ಏರಿಯಸನ ವಾದವನ್ನು 325ರ ನೈಸೀಯಾ ಮಹಾಸಭೆ ಆಗಲೇ ತಿರಸ್ಕರಿಸಿತ್ತು. ಹೀಗೆ ದೈವತ್ವವೂ ಪೂರ್ಣ, ಮನುಷ್ಯತ್ವವೂ ಪೂರ್ಣ ಎಂದು ಇತ್ಯರ್ಥವಾಯಿತು.

ಎರಡು ಪೂರ್ಣಗಳು ಒಬ್ಬನಲ್ಲೇ ಇರುವುದು ಹೇಗೆ? ಜಗಳ ಜೋರಾದದ್ದು ಇಲ್ಲಿ. 428ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಬಿಷಪ್ ಆದ ನೆಸ್ಟೋರಿಯಸ್, ಮರಿಯಳನ್ನು ದೇವಮಾತೆ ಎನ್ನುವುದಕ್ಕಿಂತ ಕ್ರಿಸ್ತಮಾತೆ ಎನ್ನುವುದು ಲೇಸು ಎಂದ. ಹಾಗಂದರೆ ಹುಟ್ಟಿದವನೊಬ್ಬ, ದೇವರೊಬ್ಬ, ಇಬ್ಬರಾದರಲ್ಲ ಎಂದು ಅಲೆಕ್ಸಾಂಡ್ರಿಯದ ಬಿಷಪ್ ಸಿರಿಲ್ ತಿರುಗಿಬಿದ್ದ. 431ರ ಎಫೆಸ ಸಭೆಯನ್ನು ನೆಸ್ಟೋರಿಯಸನ ಪರವಿದ್ದ ಅಂತಿಯೋಕ್ಯದ ಕಡೆಯ ಬಿಷಪರು ಬಂದು ಸೇರುವ ಮೊದಲೇ ಶುರುಮಾಡಿ ನೆಸ್ಟೋರಿಯಸನನ್ನು ಪದವಿಯಿಂದ ಇಳಿಸಿಬಿಟ್ಟ. (ಸಿರಿಲನ ವಾದ ಗಟ್ಟಿ, ನಡೆದುಕೊಂಡ ರೀತಿ ಮಾತ್ರ ಚೆಂದವಲ್ಲ.) ಎರಡು ದಶಕದೊಳಗೆ ಯೂಟಿಕಸ್ ಎಂಬ ಮಠಾಧಿಪತಿ ಇನ್ನೊಂದು ತುದಿಗೆ ಹೋದ: ಒಂದುಗೂಡಿದ ಮೇಲೆ ಉಳಿದದ್ದು ಒಂದೇ ಸ್ವಭಾವ. ಅಲ್ಲಿಗೆ ಮನುಷ್ಯತ್ವ ಸಮುದ್ರಕ್ಕೆ ಬಿದ್ದ ಜೇನಹನಿಯಾಯಿತು.

451ರಲ್ಲಿ, ಇಂದಿನ ಇಸ್ತಾಂಬುಲ್‌ನ ಭಾಗವಾಗಿರುವ ಕ್ಯಾಲ್ಸಿಡನ್‌ನಲ್ಲಿ ಸೇರಿದ ಬಿಷಪರು ಕೊಟ್ಟ ಸೂತ್ರ ಇದು: ವ್ಯಕ್ತಿ ಒಬ್ಬನೇ, ಸ್ವಭಾವ ಎರಡು; ಅವು ಕಲಸಿಹೋಗದೆ, ಬದಲಾಗದೆ, ಭಾಗವಾಗದೆ, ಬೇರ್ಪಡದೆ ಇವೆ. ಮೊದಲೆರಡು ಮಾತು ಯೂಟಿಕಸನಿಗೆ ಉತ್ತರ, ಕೊನೆಯೆರಡು ನೆಸ್ಟೋರಿಯಸನಿಗೆ. ಹೇಗೆ ಕೂಡಿವೆ ಎಂಬುದನ್ನು ಸೂತ್ರ ವಿವರಿಸುವುದಿಲ್ಲ, ಯಾವ ಕಡೆ ಜಾರಬಾರದು ಎಂದಷ್ಟೇ ಹೇಳುತ್ತದೆ. ಅದರ ಜಾಣತನ ಇರುವುದೂ ಅಲ್ಲೇ.

ಯೋಹಾನನ ಸುವಾರ್ತೆಯ 11ನೇ ಅಧ್ಯಾಯ ತೆಗೆದು ನೋಡಿ. 35ನೇ ವಚನದಲ್ಲಿ ಯೇಸು ಗೆಳೆಯ ಲಾಜರನಿಗಾಗಿ ಅಳುತ್ತಾನೆ; 43ರಲ್ಲಿ, ಸತ್ತು ನಾಲ್ಕು ದಿನವಾದ ಅವನನ್ನೇ ಸಮಾಧಿಯಿಂದ ಕೂಗಿ ಕರೆಯುತ್ತಾನೆ. ಅಳುವುದು ಮನುಷ್ಯ ಸ್ವಭಾವಕ್ಕೆ ಸೇರಿದ್ದು, ಎಬ್ಬಿಸುವುದು ದೈವ ಸ್ವಭಾವಕ್ಕೆ ಎಂದು ಪೋಪ್ ಲಿಯೋ 449ರ ಪತ್ರದಲ್ಲಿ ವಿಂಗಡಿಸಿದ್ದ. ಓದುವವರು ಎಡವುವುದು ಮುಂದಿನ ಹೆಜ್ಜೆಯಲ್ಲಿ: ಅತ್ತವನು ಬೇರೆ, ಎಬ್ಬಿಸಿದವನು ಬೇರೆ ಎಂದುಕೊಂಡುಬಿಡುತ್ತಾರೆ. ಎರಡನ್ನೂ ಮಾಡಿದವನು ಒಬ್ಬನೇ.

ಈ ಸೂತ್ರವನ್ನು ಎಲ್ಲರೂ ಒಪ್ಪಲಿಲ್ಲ. ಈಜಿಪ್ಟಿನ ಕಾಪ್ಟಿಕ್, ಅರ್ಮೇನಿಯನ್, ಸಿರಿಯನ್ ಆರ್ಥೊಡಾಕ್ಸ್ ಸಭೆಗಳು ಬೇರೆಯಾದವು. ನಮ್ಮ ಉಡುಪಿ ಜಿಲ್ಲೆಯ ಬ್ರಹ್ಮಾವರದ ಆರ್ಥೊಡಾಕ್ಸ್ ಸಿರಿಯನ್ ಕ್ರೈಸ್ತರೂ ಇದೇ ಪರಂಪರೆಯವರು. ಇವರನ್ನು ಯೂಟಿಕಸನ ಹಿಂಬಾಲಕರೆಂದು ಬರೆಯುವುದು ತಪ್ಪು. ಅವನನ್ನು ಇವರೂ ಖಂಡಿಸುತ್ತಾರೆ. ಸಿರಿಲನ ಮಾತಿಗೆ ಅಂಟಿಕೊಂಡು, ದೈವ-ಮಾನುಷಗಳೆರಡೂ ಪೂರ್ಣವಾಗಿ ಕೂಡಿದ ಒಂದು ಸ್ವಭಾವ ಎನ್ನುತ್ತಾರೆ, ಅಷ್ಟೇ. 1973ರಲ್ಲಿ ಪೋಪ್ ಆರನೇ ಪೌಲ್ ಮತ್ತು ಕಾಪ್ಟಿಕ್ ಪೋಪ್ ಮೂರನೇ ಶೆನೂಡಾ ಜಂಟಿ ಹೇಳಿಕೆಗೆ ಸಹಿ ಹಾಕಿ, ಕ್ರಿಸ್ತ ಪೂರ್ಣ ದೇವರು, ಪೂರ್ಣ ಮನುಷ್ಯ ಎಂಬುದರಲ್ಲಿ ತಮ್ಮಲ್ಲಿ ಭೇದವಿಲ್ಲ ಎಂದು ಒಪ್ಪಿಕೊಂಡರು.