ಚರಂಡಿ ಸಾಕಿದ ಚೇಳು

ನಗರದ ಮನೆಯೊಳಗೆ ಚೇಳೋ ಹಾವೋ ಕಾಣಿಸಿಕೊಂಡರೆ, ಕಾಡು ಕಡಿದದ್ದರಿಂದ ಪ್ರಾಣಿಗಳು ಊರಿಗೆ ನುಗ್ಗಿವೆ ಎಂಬ ವಿವರಣೆ ಎಲ್ಲರ ಬಾಯಲ್ಲೂ ಸಿದ್ಧವಾಗಿರುತ್ತದೆ. ಕೆಲವು ಪ್ರಾಣಿಗಳ ಮಟ್ಟಿಗೆ ಅದು ನಿಜವೂ ಹೌದು. ಆದರೆ ನಗರವಾಸಿಗಳನ್ನು ದಿನನಿತ್ಯ ಕಾಡುವ ಇಲಿ, ಜಿರಳೆ, ಚೇಳುಗಳಿಗೆ ಕಾಡಿನ ನೆನಪೇ ಇಲ್ಲ. ಅವು ಹುಟ್ಟಿದ್ದು, ಬೆಳೆದದ್ದು, ಸಂತಾನ ಹೆಚ್ಚಿಸಿಕೊಂಡದ್ದು ನಾವು ಕಟ್ಟಿದ ಚರಂಡಿಗಳಲ್ಲಿ, ನಾವು ಎಸೆದ ಕಸದ ರಾಶಿಗಳಲ್ಲಿ.

ಬ್ರೆಜಿಲ್‌ನ ಹಳದಿ ಚೇಳನ್ನು ನೋಡಿ. ಟೈಟಿಯಸ್ ಸೆರುಲೇಟಸ್ ಎಂಬ ಹೆಸರಿನಲ್ಲಿ 1922ರಲ್ಲಿ ವಿಜ್ಞಾನಿಗಳು ವರ್ಣಿಸಿದ ಈ ಜೀವಿ ಇಂದು ಆ ದೇಶದ ದೊಡ್ಡ ನಗರಗಳ ಒಳಚರಂಡಿಗಳಲ್ಲಿ ನೆಲೆಸಿದೆ. ಅಲ್ಲಿ 2000ದಲ್ಲಿ ಚೇಳು ಕುಟುಕಿದ ಪ್ರಕರಣಗಳು ಸುಮಾರು 12 ಸಾವಿರ ದಾಖಲಾಗಿದ್ದವು. 2018ರ ಹೊತ್ತಿಗೆ ಆ ಸಂಖ್ಯೆ ಒಂದೂವರೆ ಲಕ್ಷ ದಾಟಿತ್ತು. ವರದಿ ಮಾಡುವ ವ್ಯವಸ್ಥೆ ಸುಧಾರಿಸಿದ್ದೂ ಇದರಲ್ಲಿ ಸ್ವಲ್ಪ ಸೇರಿದೆಯೆಂದು ಒಪ್ಪಿಕೊಂಡರೂ ಏರಿಕೆ ಸಣ್ಣದಲ್ಲ.

ಈ ಚೇಳಿನ ಸಂತಾನಕ್ರಮವೇ ಒಂದು ಸೋಜಿಗ. ಬಹುತೇಕ ಎಲ್ಲೆಡೆ ಇದರಲ್ಲಿ ಇರುವುದು ಹೆಣ್ಣುಗಳು ಮಾತ್ರ. ಗಂಡಿನ ಸಂಪರ್ಕವಿಲ್ಲದೆ, ನಿಷೇಚನಗೊಳ್ಳದ ಅಂಡಗಳಿಂದಲೇ ಮರಿಗಳು ಬೆಳೆಯುತ್ತವೆ. ಸಾಮಾನ್ಯ ಜೀವಿಯೊಂದು ಹೊಸ ಊರಿಗೆ ಒಂಟಿಯಾಗಿ ಬಂದರೆ ಜೋಡಿ ಸಿಗದೆ ಅದರ ವಂಶ ಅಲ್ಲಿಗೇ ಮುಗಿಯುತ್ತದೆ. ಹಳದಿ ಚೇಳಿಗೆ ಆ ಅಡ್ಡಿಯಿಲ್ಲ. ಇಟ್ಟಿಗೆಯ ಲಾರಿಯಲ್ಲೋ ತರಕಾರಿ ಪೆಟ್ಟಿಗೆಯಲ್ಲೋ ಒಂದೇ ಒಂದು ಹೆಣ್ಣು ಪಯಣಿಸಿ ಬಂದರೆ ಸಾಕು, ಒಂದು ಸಲಕ್ಕೆ ಸುಮಾರು ಇಪ್ಪತ್ತು ಮರಿಗಳನ್ನು ಹೆತ್ತು ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಆ ಇಪ್ಪತ್ತೂ ಮುಂದೆ ತಾಯಂದಿರೇ. ನೂರು ಚೇಳುಗಳಿದ್ದ ಕಡೆ ತೊಂಬತ್ತೊಂಬತ್ತನ್ನು ಕೊಂದು ಗೆದ್ದೆವೆಂದು ಬೀಗಿದರೆ, ಉಳಿದ ಒಂದರಿಂದ ಲೆಕ್ಕ ಮತ್ತೆ ಶುರುವಾಗುತ್ತದೆ. ಇಂಥ ಜೀವಿಗೆ ನಗರದ ಚರಂಡಿ ಒದಗಿಸುವುದು ಕತ್ತಲೆ, ತೇವ, ಸ್ಥಿರವಾದ ಬಿಸುಪು ಮತ್ತು ಹೇರಳವಾದ ಜಿರಳೆಗಳನ್ನು. ಹೊರಗಿದ್ದಿದ್ದರೆ ಹಿಡಿದು ತಿನ್ನಬಹುದಾಗಿದ್ದ ಕಪ್ಪೆ, ಹಲ್ಲಿ, ಹಕ್ಕಿಗಳ ಕಾಟ ಅಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ಹಾಗಾದರೆ ಕೀಟನಾಶಕ ಸಿಂಪಡಿಸಬಾರದೇ ಎಂದು ಕೇಳುವವರಿದ್ದಾರೆ. ಬಿರುಕುಗಳ ಆಳದಲ್ಲಿ ಅಡಗಿ, ತಿಂಗಳುಗಟ್ಟಲೆ ಉಪವಾಸವಿರಬಲ್ಲ ಚೇಳಿಗೆ ಮಾರಕ ಪ್ರಮಾಣದ ವಿಷ ತಲುಪುವುದು ಕಷ್ಟ. ಸಾಯುವಷ್ಟಲ್ಲದೆ ಕೆರಳುವಷ್ಟು ಮಾತ್ರ ತಾಗಿದಾಗ ಅದು ಅಡಗುತಾಣ ಬಿಟ್ಟು ಹೊರಬರುತ್ತದೆ. ಹೊರಬರುವ ದಾರಿ ಹೆಚ್ಚಾಗಿ ಬಚ್ಚಲಿನ ತೂತು. ಮನೆಯವರು ಸುರಕ್ಷಿತರಾದೆವೆಂದು ಭಾವಿಸಿದ ಆ ರಾತ್ರಿಯೇ ಕುಟುಕುವ ಸಾಧ್ಯತೆ ಹೆಚ್ಚಿರುತ್ತದೆ.

ಕುಟುಕಿದ ಮೇಲಿನ ಕಥೆಯಲ್ಲಿ ಮೂಢನಂಬಿಕೆಯ ಪಾತ್ರ ದೊಡ್ಡದು. ವಯಸ್ಕರಲ್ಲಿ ಬಹುಪಾಲು ಪ್ರಕರಣಗಳು ತೀವ್ರ ನೋವಿನಲ್ಲಿ ಆರಂಭವಾಗಿ ತಾವಾಗಿಯೇ ಇಳಿಯುತ್ತವೆ. ಆದ್ದರಿಂದ ಮಂತ್ರ ಹಾಕಿದವನಿಗೂ ಸೊಪ್ಪಿನ ರಸ ಹಚ್ಚಿದವನಿಗೂ ಪುಕ್ಕಟೆ ಕೀರ್ತಿ ಸಿಗುತ್ತದೆ. ಮಗುವಿನ ವಿಷಯ ಬೇರೆ: ಪುಟ್ಟ ದೇಹದಲ್ಲಿ ಅಷ್ಟೇ ವಿಷ ನರತುದಿಗಳ ಸೋಡಿಯಂ ನಾಲೆಗಳನ್ನು, ಅಂದರೆ ನರಕೋಶದೊಳಕ್ಕೆ ಸೋಡಿಯಂ ಹರಿಯುವ ದ್ವಾರಗಳನ್ನು, ಕೆಣಕಿ, ಅಡ್ರಿನಲಿನ್ ಮಾದರಿಯ ರಾಸಾಯನಿಕಗಳ ಪ್ರವಾಹವನ್ನೇ ಹರಿಸಿ, ಹೃದಯವನ್ನು ಸೋಲಿಸಿ ಶ್ವಾಸಕೋಶದಲ್ಲಿ ದ್ರವ ತುಂಬಿಸಬಲ್ಲದು. ಇದು ಕೆಲವೇ ಗಂಟೆಗಳಲ್ಲಿ ನಡೆದುಹೋಗುವುದರಿಂದ, ಪ್ರತಿವಿಷವಿರುವ ಆಸ್ಪತ್ರೆ ಎಷ್ಟು ದೂರ, ರಾತ್ರಿ ವಾಹನ ಸಿಗುತ್ತದೆಯೇ ಎಂಬ ಸಾಮಾಜಿಕ ಪ್ರಶ್ನೆಗಳೇ ಜೀವ ಉಳಿಯುವುದನ್ನು ನಿರ್ಧರಿಸುತ್ತವೆ.

ಅದೇ ಚರಂಡಿಯ ಇನ್ನೊಂದು ಉತ್ಪನ್ನ ಇಲಿಜ್ವರ. 1886ರಲ್ಲಿ ಜರ್ಮನಿಯ ಅಡಾಲ್ಫ್ ವೈಲ್ ಇದರ ತೀವ್ರ ರೂಪವನ್ನು ವಿವರಿಸಿದರು. 1915ರಲ್ಲಿ ಜಪಾನಿನ ಇನಾಡ ಮತ್ತು ಇಡೊ ಇದಕ್ಕೆ ಕಾರಣವಾದ, ಸುರುಳಿಯಾಕಾರದ ಬ್ಯಾಕ್ಟೀರಿಯಾವನ್ನು ಪತ್ತೆಹಚ್ಚಿದರು. ಲೆಪ್ಟೊಸ್ಪೈರಾ ಎಂಬ ಈ ಸೂಕ್ಷ್ಮಜೀವಿ ಇಲಿಯ ಮೂತ್ರಪಿಂಡದ ಸೂಕ್ಷ್ಮನಳಿಕೆಗಳಲ್ಲಿ ನೆಲೆಸಿದರೂ ಇಲಿಗೆ ಕಾಯಿಲೆ ಬರುವುದಿಲ್ಲ. ಮೂತ್ರದೊಡನೆ ಹೊರಬಿದ್ದು, ಒದ್ದೆ ಮಣ್ಣಿನಲ್ಲಿ ವಾರಗಟ್ಟಲೆ ಬದುಕಿ, ಕಾಲಿನ ಸಣ್ಣ ಗಾಯದ ಮೂಲಕ ಮನುಷ್ಯನನ್ನು ಸೇರುತ್ತದೆ. 2005ರ ಜುಲೈ 26ರಂದು ಮುಂಬೈಯಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ನಂತರ ಅಲ್ಲಿ ಇಲಿಜ್ವರ ಹಬ್ಬಿದ್ದು ಈ ದಾರಿಯಿಂದಲೇ. ಬ್ರೆಜಿಲ್‌ನ ಸಾಲ್ವಡಾರ್ ನಗರದಲ್ಲಿ ನಡೆದ ಅಧ್ಯಯನಗಳು ಇನ್ನೂ ಸೂಕ್ಷ್ಮವಾದ ಸಂಗತಿಯನ್ನು ತೋರಿಸಿವೆ: ಒಂದೇ ಕೊಳೆಗೇರಿಯೊಳಗೂ ಸೋಂಕು ಸಮನಾಗಿ ಹಂಚಿಹೋಗಿರಲಿಲ್ಲ. ನೆರೆ ನೀರು ನಿಲ್ಲುವ ಕಡೆ, ತೆರೆದ ಚರಂಡಿ ಮತ್ತು ಕಸದ ರಾಶಿಯ ಬಳಿ ಇದ್ದವರಲ್ಲಿ ಅದು ಹೆಚ್ಚಿತ್ತು. ಆ ವ್ಯತ್ಯಾಸಗಳನ್ನು ಲೆಕ್ಕದಿಂದ ತೆಗೆದ ಮೇಲೂ ಆದಾಯ ಕಡಿಮೆಯಿದ್ದವರ ಅಪಾಯ ಹೆಚ್ಚೇ ಉಳಿಯಿತು. ಬಡವರ ಕೊಳಕು ಅಭ್ಯಾಸವೇ ಇದಕ್ಕೆಲ್ಲ ಮೂಲ ಎನ್ನುವವರು ಸೋಂಕಿನ ಈ ಹಂಚಿಕೆಯ ನಕ್ಷೆಯನ್ನು ಒಮ್ಮೆ ನೋಡಬೇಕು. ಅಲ್ಲಿ ಕಾಣುವುದು ನೀರು ಹರಿಯುವ ಇಳಿಜಾರು, ಮುಚ್ಚಳವಿಲ್ಲದ ಕಾಲುವೆ.

ಇಲಿಗಳನ್ನು ಕೊಂದರಾಯಿತಲ್ಲ ಎಂಬ ಸಲಹೆಗೆ ಕೆನಡಾದ ವ್ಯಾಂಕೂವರ್‌ನಲ್ಲಿ ನಡೆದ, 2018ರಲ್ಲಿ ಪ್ರಕಟವಾದ ಸಂಶೋಧನೆ ತಣ್ಣೀರೆರಚಿತು. ಇಲಿಗಳನ್ನು ಹಿಡಿದು ಕೊಂದ ಪ್ರದೇಶಗಳಲ್ಲಿ ಉಳಿದ ಇಲಿಗಳಲ್ಲಿ ಲೆಪ್ಟೊಸ್ಪೈರಾ ಸೋಂಕು ಮೊದಲಿಗಿಂತ ಹೆಚ್ಚಾಗಿತ್ತು. ಹತ್ಯೆಯಿಂದ ಗುಂಪಿನ ವ್ಯವಸ್ಥೆ ಒಡೆದು ಇಲಿಗಳ ಪರಸ್ಪರ ಸಂಪರ್ಕ ಬದಲಾದದ್ದೇ ಕಾರಣವಿರಬಹುದೆಂಬುದು ಸಂಶೋಧಕರ ಊಹೆ. ಪ್ಲೇಗಿನ ಇತಿಹಾಸವೂ ಇದಕ್ಕೆ ದೂರವಿಲ್ಲ. 1896ರಲ್ಲಿ ಮುಂಬೈಗೆ ಪ್ಲೇಗ್ ಬಂದಾಗ ಆಡಳಿತವು ಮನೆಗಳನ್ನೂ ಚರಂಡಿಗಳನ್ನೂ ಕ್ರಿಮಿನಾಶಕದಿಂದ ತೊಳೆಸಿತು. ರೋಗವನ್ನು ಇಲಿಯಿಂದ ದಾಟಿಸುವುದು ಚಿಗಟ ಎಂಬುದಕ್ಕೆ ಫ್ರೆಂಚ್ ವೈದ್ಯ ಸಿಮೊಂ ಕರಾಚಿಯಲ್ಲಿ ಪ್ರಯೋಗದಿಂದ ಪುರಾವೆ ಒದಗಿಸಿದ್ದು 1898ರಲ್ಲಿ. ಇಲಿ ಸತ್ತು ತಣ್ಣಗಾದೊಡನೆ ಚಿಗಟ ಬೆಚ್ಚನೆಯ ಇನ್ನೊಂದು ದೇಹ ಹುಡುಕಿ ಹೊರಡುತ್ತದೆ. ಆದ್ದರಿಂದ ಪ್ಲೇಗ್ ಇರುವಲ್ಲಿ ಚಿಗಟವನ್ನು ಬಿಟ್ಟು ಇಲಿಯನ್ನಷ್ಟೇ ಕೊಂದರೆ ಅಪಾಯ ಮನುಷ್ಯರತ್ತ ತಿರುಗುತ್ತದೆ.

ಹಾವುಗಳ ವಿಷಯದಲ್ಲಿ ಹೆಚ್ಚು ಹೇಳಬೇಕಿಲ್ಲ: ಕಸವಿರುವಲ್ಲಿ ಇಲಿ, ಇಲಿಯಿರುವಲ್ಲಿ ನಾಗರಹಾವು. ನಾಯಿಗಳದ್ದು ಸ್ವಲ್ಪ ಭಿನ್ನ. ಮನುಷ್ಯರಿಗೆ ತಗಲುವ ರೇಬೀಸ್ ಪ್ರಕರಣಗಳಲ್ಲಿ ಶೇ. 99ರಷ್ಟು ನಾಯಿಗಳಿಂದಲೇ ಬರುತ್ತವೆ, ಆದರೂ ಅವುಗಳ ಸಾಮೂಹಿಕ ಹತ್ಯೆ ರೋಗವನ್ನು ತಡೆದಿಲ್ಲ, ಸುಮಾರು ಶೇ. 70ರಷ್ಟು ನಾಯಿಗಳಿಗೆ ಲಸಿಕೆ ಹಾಕಿದರೆ ಸರಪಳಿ ಕಡಿಯುತ್ತದೆ.

ಚೇಳಿಗೆ ಅಂಥ ಲಸಿಕೆ ಇಲ್ಲ. ಬಚ್ಚಲ ತೂತಿಗೆ ಜಾಲರಿ, ಗೋಡೆಯ ಬಿರುಕಿಗೆ ಗಾರೆ, ಜಿರಳೆಗಳಿಗೆ ಆಹಾರ ಸಿಗದಂತೆ ಮುಚ್ಚಿದ ಕಸದ ಡಬ್ಬಿ, ಹಿತ್ತಲಲ್ಲಿ ಬಿದ್ದ ಕಟ್ಟಡದ ಅವಶೇಷಗಳ ವಿಲೇವಾರಿ, ಇವಿಷ್ಟನ್ನು ಮನೆಯವರು ಮಾಡಬಹುದು. ಬಾಡಿಗೆದಾರನಿಗೆ ಗೋಡೆ ದುರಸ್ತಿ ಮಾಡಿಸುವ ಅಧಿಕಾರವಿರುವುದಿಲ್ಲ, ಬೀದಿಯ ಕೆಳಗಿನ ಕೊಳವೆ ಯಾವ ಮನೆಯವರ ಕೈಯಲ್ಲೂ ಇಲ್ಲ. ಆ ಕೊಳವೆಯನ್ನು ಸರಿಪಡಿಸಬೇಕಾದದ್ದು ನಗರಾಡಳಿತ, ಹಣ ತೆಗೆದಿಡಬೇಕಾದದ್ದೂ ಅದರ ಬಜೆಟ್ಟಿನಲ್ಲೇ.