ಪಾಪು ಅತ್ತರೇ ಒಳ್ಳೆಯದು: ಎಳೆ ಗಂಟಲಿನ ಸ್ಕ್ಯಾನ್

ಎಳೆ ಮಗು ಉಸಿರೆಳೆದಾಗಲೆಲ್ಲ ಕೀಂ ಎಂದೋ ಗೊರ್ ಎಂದೋ ಸದ್ದು ಬಂದರೆ ಮನೆಯ ಹಿರಿಯರು 'ಕಫ ಕಟ್ಟಿದೆ' ಅಂತಾರೆ. ಎಷ್ಟೋ ಸಲ ಅದು ಕಫವಲ್ಲ. ಧ್ವನಿಪೆಟ್ಟಿಗೆಯ ಮೇಲ್ಭಾಗ ಇನ್ನೂ ಮೆತ್ತಗಿದ್ದು, ಉಸಿರೆಳೆದಾಗ ಒಳಕ್ಕೆ ಕುಸಿಯುತ್ತಿರುತ್ತದೆ. ಇದೇ ಲಾರಿಂಗೋಮಲೇಶಿಯಾ. ಹೆಚ್ಚಿನ ಮಕ್ಕಳಲ್ಲಿ ಒಂದೂವರೆ, ಎರಡು ವರ್ಷದೊಳಗೆ ತಾನಾಗಿಯೇ ಸರಿಹೋಗುತ್ತದೆ. ಇದನ್ನು ಖಚಿತ ಮಾಡಲು ಇಎನ್‌ಟಿ ವೈದ್ಯರು ಮೂಗಿನಿಂದ ಸಣ್ಣ ಸ್ಕೋಪ್ (ಕ್ಯಾಮೆರಾ ಇರುವ ತೆಳು ಕೊಳವೆ) ಇಳಿಸಿಯೇ ನೋಡಬೇಕು.

ಹಾಗಾದರೆ ಸ್ಕ್ಯಾನ್ ಮಾಡುವ ನಮ್ಮಂಥ ವೈದ್ಯರ ಅಲ್ಟ್ರಾಸೌಂಡ್ ಯಾತಕ್ಕೆ? ಧ್ವನಿತಂತುಗಳು ಆಡುತ್ತಿವೆಯೇ ಇಲ್ಲವೇ ಎಂದು ನೋಡಲು.

ಹೃದಯದ ಆಪರೇಷನ್ ಆದ ಕೂಸುಗಳಲ್ಲಿ ಈ ಪ್ರಶ್ನೆ ಜಾಸ್ತಿ ಬರುತ್ತದೆ. ಎಡ ಧ್ವನಿತಂತಿಗೆ ಹೋಗುವ ನರ ಸೀದಾ ಹೋಗುವುದಿಲ್ಲ. ಎದೆಗೆ ಇಳಿದು, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿಯ ಕೆಳಗೆ ಸುತ್ತು ಹಾಕಿ, ಮತ್ತೆ ಗಂಟಲಿಗೆ ಏರುತ್ತದೆ. ಆಪರೇಷನ್‌ನಲ್ಲಿ ಅದಕ್ಕೆ ಪೆಟ್ಟಾದರೆ ಎಡ ತಂತು ನಿಂತುಬಿಡುತ್ತದೆ. ಅಳು ಕ್ಷೀಣವಾಗುತ್ತದೆ, ಹಾಲು ಕುಡಿಯುವಾಗ ಕೆಮ್ಮು ಬರುತ್ತದೆ.

ಹೆಗಲ ಕೆಳಗೆ ಬಟ್ಟೆಯ ಸುರುಳಿ ಇಟ್ಟು, ಬೆಚ್ಚಗಿನ ಜೆಲ್ ಹಚ್ಚಿ, ಶಬ್ದದ ಅಲೆ ಕಳಿಸುವ ಪ್ರೋಬನ್ನು ಕತ್ತಿನ ಮುಂದೆ ಅಡ್ಡಲಾಗಿ ಹಗುರವಾಗಿ ಇಡುತ್ತೇವೆ. ಒತ್ತುವ ಹಾಗಿಲ್ಲ. ಪರದೆಯಲ್ಲಿ ಎರಡು ತಂತುಗಳು ಮುಂದೆ ಸೇರಿ, ಹಿಂದಕ್ಕೆ ಅಗಲವಾಗಿ ಕಾಣುತ್ತವೆ. ಉಸಿರೆಳೆದಾಗ ತೆರೆಯಬೇಕು, ಅತ್ತಾಗ ಕೂಡಬೇಕು. ಬೇರೆ ಸ್ಕ್ಯಾನ್‌ನಲ್ಲಿ ಪಾಪು ಅತ್ತರೆ ನಮಗೆ ತಲೆನೋವು. ಇಲ್ಲಿ ಅತ್ತರೇ ಅನುಕೂಲ! ಒಂದು ಕಡೆ ಆಡಿ ಇನ್ನೊಂದು ಕಡೆ ಸುಮ್ನೆ ನಿಂತಿದ್ದರೆ ಕಣ್ಣಿಗೆ ಹೊಡೆಯುತ್ತದೆ. ನಿದ್ದೆಯ ಔಷಧಿ ಬೇಡ, ಎಕ್ಸ್‌ರೇ ಕಿರಣವಿಲ್ಲ, ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಹಾಸಿಗೆಯ ಪಕ್ಕದಲ್ಲೇ ಮಾಡಬಹುದು.

ಕೂಸುಗಳ ಧ್ವನಿಪೆಟ್ಟಿಗೆಯ ಮೃದ್ವಸ್ಥಿಯಲ್ಲಿ (ಕಾರ್ಟಿಲೇಜ್) ಸುಣ್ಣ ಕೂಡಿರುವುದಿಲ್ಲ, ಶಬ್ದದ ಅಲೆ ಸಲೀಸಾಗಿ ದಾಟುತ್ತದೆ. ದೊಡ್ಡವರಾಗುತ್ತಾ, ಅದರಲ್ಲೂ ಗಂಡಸರಲ್ಲಿ, ಅದು ಗಟ್ಟಿಯಾಗಿ ಅಲೆಯನ್ನು ತಡೆಯುತ್ತದೆ. ಆದರೆ ಗಾಳಿಯನ್ನು ದಾಟಲು ಯಾವ ವಯಸ್ಸಿನಲ್ಲೂ ಆಗದು. ಹಾಗಾಗಿ ಶ್ವಾಸನಾಳದ ಹಿಂಗೋಡೆ ನಮಗೆ ಕಾಣುವುದಿಲ್ಲ.

ಇನ್ನೊಂದು ವಿಷಯ. ಎರಡು ಮೂರು ತಿಂಗಳ ಮಗುವಿಗೆ ಗೊಗ್ಗರು ಕೆಮ್ಮು ಪದೇ ಪದೇ ಬಂದು, ಗಲ್ಲದ ಸುತ್ತ ಕೆಂಪು ಮಚ್ಚೆಯೂ ಇದ್ದರೆ, ಧ್ವನಿತಂತುಗಳ ಕೆಳಗೂ ಅಂಥದ್ದೇ ರಕ್ತನಾಳದ ಗಂಟು ಇರಬಹುದು. ಅಲ್ಟ್ರಾಸೌಂಡ್‌ನಲ್ಲೇ ಇರುವ ಡಾಪ್ಲರ್ ವಿಧಾನ ಹಾಕಿದರೆ ಅದರೊಳಗಿನ ರಕ್ತದ ಹರಿವು ಕಾಣಬಹುದು. ಇಂಥ ಗಂಟುಗಳನ್ನು ಪ್ರೊಪ್ರನೊಲಾಲ್ ಎಂಬ ಔಷಧಿ ಕುಗ್ಗಿಸುತ್ತದೆ ಎಂದು 2008ರಲ್ಲಿ ಫ್ರಾನ್ಸಿನ ವೈದ್ಯರು ವರದಿ ಮಾಡಿದ ಮೇಲೆ ಚಿಕಿತ್ಸೆಯೇ ಬದಲಾಯಿತು.

ನನ್ನ ರಿಪೋರ್ಟಿನಲ್ಲಿ 'ಗಂಟಲು ನಾರ್ಮಲ್' ಎಂದು ಬರೆಯುವುದಿಲ್ಲ. 'ಎರಡೂ ಧ್ವನಿತಂತು ಆಡುತ್ತಿವೆ' ಎಂದಷ್ಟೇ ಬರೆಯುತ್ತೇನೆ. ಸದ್ದು ನಿಲ್ಲದಿದ್ದರೆ ಸ್ಕೋಪ್ ಬೇಕೇ ಬೇಕು. ಇನ್ನು ತುಟಿ ನೀಲಿಯಾಗಿದ್ದರೆ, ಪಕ್ಕೆಲುಬು ಒಳಕ್ಕೆ ಎಳೆಯುತ್ತಿದ್ದರೆ ಸ್ಕ್ಯಾನ್ ರೂಮಿನ ಮುಂದೆ ಸರದಿಯಲ್ಲಿ ಕೂರಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ.